ಕೂದಲೆಳೆ ಅಂತರ: ರನ್‌ವೇ ಮುಂದಣ ಆಕಾಶದಲ್ಲಿ ವಿಮಾನಗಳು ಎದುರಾದಾಗ

ಹೊಸಕೆರೆಹಳ್ಳಿ, ಬೆಂಗಳೂರು: ದಕ್ಷಿಣ ಬೆಂಗಳೂರಿನ ಹಳೆಯ ನಿವಾಸಿಗಳಿಗೆ ನಗರದ ನೆತ್ತಿಯ ಮೇಲೆ ತಗ್ಗಿ ಹಾರುವ ವಿಮಾನಗಳ ಸದ್ದು ಅಪರಿಚಿತವೇನಲ್ಲ. 2008ರ ಮೇ 24ರಂದು ದೇವನಹಳ್ಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡುವವರೆಗೆ ಪ್ರಯಾಣಿಕ ವಿಮಾನಗಳೆಲ್ಲ ನಗರದ ಒಳಗೇ ಇರುವ ಎಚ್‌ಎಎಲ್ ನಿಲ್ದಾಣಕ್ಕೆ ಬಂದಿಳಿಯುತ್ತಿದ್ದವು. ಅನಂತರ ಸದ್ದು ಉತ್ತರಕ್ಕೆ ಸರಿಯಿತು. ಸದ್ದಿನೊಡನೆ ಆತಂಕವೂ ದೂರವಾಯಿತೆಂದು ನಾವು ಭಾವಿಸಿದ್ದೇವೆ. ಆದರೆ ರನ್‌ವೇಯ ಸುತ್ತಲಿನ ಕೆಲವೇ ಕಿಲೋಮೀಟರ್ ಆಕಾಶ ಇಂದಿಗೂ ವಿಮಾನಯಾನದ ಅತ್ಯಂತ ಇಕ್ಕಟ್ಟಿನ ಜಾಗ. ಎರಡು ವಿಮಾನಗಳು ಒಂದೇ ಎತ್ತರದಲ್ಲಿ, ಒಂದೇ ಗುರಿಯತ್ತ, ಒಂದೇ ಹೊತ್ತಿನಲ್ಲಿ ಸಾಗಬೇಕಾದ ಪ್ರಸಂಗ ಬರುವುದು ಅಲ್ಲಿಯೇ.

2022ರ ಜನವರಿ 7ರ ಬೆಳಿಗ್ಗೆ ಇದೇ ಬೆಂಗಳೂರಿನ ಆಕಾಶದಲ್ಲಿ ಇಂಡಿಗೊ ಸಂಸ್ಥೆಯ ಎರಡು ವಿಮಾನಗಳು ಪರಸ್ಪರ ಅಪಾಯಕಾರಿಯಾಗಿ ಸಮೀಪಿಸಿದವು. ಎರಡರಲ್ಲೂ ಸೇರಿ 426 ಜನರಿದ್ದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಘಟನೆ ಯಾವ ದಾಖಲೆ ಪುಸ್ತಕದಲ್ಲಿಯೂ ನಮೂದಾಗಿರಲಿಲ್ಲ ಎಂಬ ಸಂಗತಿ ಕೆಲವು ದಿನಗಳ ಬಳಿಕ ಬಯಲಾಯಿತು. ವಿಮಾನಗಳು ಹತ್ತಿರ ಬಂದದ್ದಕ್ಕಿಂತಲೂ ಗಂಭೀರವಾದ ಪ್ರಶ್ನೆಯನ್ನು ಎತ್ತಿದ್ದು ಈ ಮೌನ. ಕೂದಲೆಳೆ ಅಂತರದಲ್ಲಿ ತಪ್ಪಿದ ದುರಂತವೆಂಬುದು ಯಾವ ಜೀವಹಾನಿಯೂ ಇಲ್ಲದೆ ದೊರೆಯುವ ಪಾಠ. ಅದನ್ನು ಬರೆದಿಡದಿದ್ದರೆ ಅದೇ ಪಾಠವನ್ನು ಮುಂದೊಂದು ದಿನ ಜೀವದ ಬೆಲೆ ತೆತ್ತು ಕಲಿಯಬೇಕಾಗುತ್ತದೆ.

ಬೃಹತ್ ವಿಮಾನಗಳ ಸ್ಥಿತಿಯೇ ಹೀಗಿರುವಾಗ, ಎರಡು ಆಸನಗಳ ಪುಟ್ಟ ತರಬೇತಿ ವಿಮಾನಗಳ ಪಾಡೇನು? ರಾಜ್ಯದಲ್ಲಿ ಪೈಲಟ್ ತರಬೇತಿ ಕೇಂದ್ರಗಳು ಹೆಚ್ಚಿರುವ ಈ ದಿನಗಳಲ್ಲಿ ಈ ಪ್ರಶ್ನೆಯನ್ನು ಬಿಡಿಸಿ ನೋಡುವುದು ಅಗತ್ಯ.

'ಏರ್‌ಪ್ರಾಕ್ಸ್' ಎಂದರೇನು?

ಪತ್ರಿಕೆಗಳು 'ಕೂದಲೆಳೆ ಅಂತರ' ಎಂದು ಕರೆಯುವುದನ್ನು ವಿಮಾನಯಾನದ ಪರಿಭಾಷೆಯಲ್ಲಿ 'ಏರ್‌ಪ್ರಾಕ್ಸ್' ಎನ್ನುತ್ತಾರೆ. ಇದಕ್ಕೆ ಇಂತಿಷ್ಟೇ ಅಡಿ ಎಂಬ ಅಳತೆಯಿಲ್ಲ. ವಿಮಾನಗಳ ನಡುವಣ ಅಂತರ, ಅವುಗಳ ವೇಗ ಮತ್ತು ಪರಸ್ಪರ ಸ್ಥಾನವನ್ನು ಗಮನಿಸಿದಾಗ ಸುರಕ್ಷತೆಗೆ ಧಕ್ಕೆಯಾಗಿರಬಹುದೆಂದು ಪೈಲಟ್‌ಗಾಗಲೀ ವಾಯು ಸಂಚಾರ ನಿಯಂತ್ರಕನಿಗಾಗಲೀ ಅನ್ನಿಸಿದರೆ ಸಾಕು, ಅದು ಏರ್‌ಪ್ರಾಕ್ಸ್. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಇಂತಹ ಘಟನೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ: ಡಿಕ್ಕಿಯ ಅಪಾಯವಿದ್ದದ್ದು, ಸುರಕ್ಷತೆಯ ಖಾತರಿ ಇಲ್ಲದಿದ್ದದ್ದು, ಡಿಕ್ಕಿಯ ಅಪಾಯವಿಲ್ಲದ್ದು ಹಾಗೂ ಅಪಾಯದ ಪ್ರಮಾಣವನ್ನು ನಿರ್ಧರಿಸಲಾಗದ್ದು.

ಈ ವ್ಯಾಖ್ಯೆಯಲ್ಲಿ ಒಂದು ಸೂಕ್ಷ್ಮವಿದೆ. ಘಟನೆಯನ್ನು ಘಟನೆಯೆಂದು ಗುರುತಿಸುವ ಹೊಣೆ ಅದರಲ್ಲಿ ಪಾಲ್ಗೊಂಡವರ ಮೇಲೆಯೇ ಇದೆ. ಅಪಘಾತವಾದರೆ ಅವಶೇಷಗಳು ತಾವೇ ಸಾಕ್ಷಿ ಹೇಳುತ್ತವೆ. ಅಪಘಾತ ತಪ್ಪಿದಾಗ ಸಾಕ್ಷಿ ಹೇಳಬೇಕಾದವರು ಮನುಷ್ಯರು. ಅವರು ಬಾಯಿ ತೆರೆಯದಿದ್ದರೆ ಅಂತಹದೊಂದು ನಡೆದೇ ಇಲ್ಲವೆಂಬಂತೆ ಆಕಾಶ ನಿರ್ಮಲವಾಗಿಬಿಡುತ್ತದೆ.

ಆಕಾಶದಲ್ಲೊಂದು ಚೌಕಟ್ಟಿನ ದಾರಿ

ಇಳಿಯಲು ಬರುವ ಸಣ್ಣ ವಿಮಾನಗಳು ಮನಬಂದಂತೆ ಬಂದು ರನ್‌ವೇ ಮುಟ್ಟುವುದಿಲ್ಲ. ಅವುಗಳಿಗೆಂದು ರನ್‌ವೇಯ ಸುತ್ತ ಆಯತಾಕಾರದ, ಕಣ್ಣಿಗೆ ಕಾಣದ ದಾರಿಯೊಂದಿದೆ. ಇದಕ್ಕೆ 'ಸರ್ಕ್ಯೂಟ್' ಎಂದು ಹೆಸರು. ದೇವಸ್ಥಾನಕ್ಕೆ ಪ್ರದಕ್ಷಿಣೆ ಬರುವಂತೆ ಎಲ್ಲ ವಿಮಾನಗಳೂ ಒಂದೇ ದಿಕ್ಕಿನಲ್ಲಿ ಸುತ್ತಬೇಕು. ಪ್ರದಕ್ಷಿಣೆ ಬಲಕ್ಕೆ, ಸರ್ಕ್ಯೂಟ್ ಮಾತ್ರ ಸಾಮಾನ್ಯವಾಗಿ ಎಡಕ್ಕೆ. ವಿಮಾನದ ಮುಖ್ಯ ಪೈಲಟ್ ಎಡಬದಿಯ ಆಸನದಲ್ಲಿ ಕುಳಿತಿರುವುದರಿಂದ ಎಡಕ್ಕೆ ತಿರುಗುವಾಗ ರನ್‌ವೇ ಅವನ ಕಣ್ಣಳತೆಯಲ್ಲಿ ಇರುತ್ತದೆ.

ಈ ಆಯತಕ್ಕೆ ಐದು ಭಾಗಗಳು. ಗಾಳಿಗೆ ಎದುರಾಗಿ ಮೇಲೇರುವುದು 'ಅಪ್‌ವಿಂಡ್'. ಎಡಕ್ಕೆ ತಿರುಗಿ ರನ್‌ವೇಗೆ ಅಡ್ಡಲಾಗಿ ಸಾಗುವುದು 'ಕ್ರಾಸ್‌ವಿಂಡ್'. ಮತ್ತೊಮ್ಮೆ ಎಡಕ್ಕೆ ಹೊರಳಿ ರನ್‌ವೇಗೆ ಸಮಾನಾಂತರವಾಗಿ, ಇಳಿಯುವ ದಿಕ್ಕಿಗೆ ವಿರುದ್ಧವಾಗಿ ಹಾರುವುದು 'ಡೌನ್‌ವಿಂಡ್'. ಇನ್ನೊಂದು ತಿರುವಿನ ಬಳಿಕ 'ಬೇಸ್'. ಕೊನೆಯ ತಿರುವು ತೆಗೆದುಕೊಂಡು ರನ್‌ವೇಯತ್ತ ನೇರವಾಗಿ ಇಳಿಯುವುದು 'ಫೈನಲ್'. ಇದರ ಎತ್ತರ ಸಾಮಾನ್ಯವಾಗಿ ನೆಲದಿಂದ ಸುಮಾರು 1,000 ಅಡಿ. ಬೆಂಗಳೂರೇ ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವುದರಿಂದ ಇಲ್ಲಿ ಸರ್ಕ್ಯೂಟ್ ಹಾರುವ ಪೈಲಟ್‌ನ ಎತ್ತರಮಾಪಕ ಹೆಚ್ಚುಕಡಿಮೆ 4,000 ಅಡಿ ತೋರಿಸುತ್ತದೆ.

ತರಬೇತಿ ಪಡೆಯುವ ವಿದ್ಯಾರ್ಥಿಗಳು ಈ ಸುತ್ತನ್ನೇ ಗಂಟೆಗಟ್ಟಲೆ ಅಭ್ಯಾಸ ಮಾಡುತ್ತಾರೆ. ಇಳಿಯುವುದು, ನಿಲ್ಲದೆ ಮತ್ತೆ ಏರುವುದು, ಮತ್ತೆ ಇಳಿಯುವುದು. ನಾಲ್ಕೈದು ವಿಮಾನಗಳು ಹೀಗೆ ಸುತ್ತುತ್ತಿರುವಾಗ ಹೊರಗಿನಿಂದ ಇನ್ನೊಂದು ವಿಮಾನ ಬಂದು ಸಾಲಿಗೆ ಸೇರಿಕೊಳ್ಳಬೇಕು. ನಿಯಂತ್ರಣ ಗೋಪುರ ಅಂದರೆ ಟವರ್ ಇರುವೆಡೆ 'ನಿಮ್ಮದು ಎರಡನೇ ಸರದಿ, ಮುಂದಿನ ವಿಮಾನ ಕಂಡೊಡನೆ ತಿಳಿಸಿ' ಎಂಬರ್ಥದ ಸೂಚನೆ ಬರುತ್ತದೆ. ಟವರ್ ಇಲ್ಲದೆಡೆ ಪೈಲಟ್‌ಗಳೇ ರೇಡಿಯೊದಲ್ಲಿ ತಮ್ಮ ತಮ್ಮ ಸ್ಥಾನವನ್ನು ಸಾರಿ ಹೇಳಿಕೊಳ್ಳಬೇಕು.

ದಾರಿ ಬಿಡುವುದಕ್ಕೂ ನಿಯಮಗಳಿವೆ. ನಮ್ಮ ರಸ್ತೆಗಳಲ್ಲಿ ಎಡಕ್ಕೆ ಚಲಿಸುವ ನಾವು ಆಕಾಶದಲ್ಲಿ ಬಲಕ್ಕೆ ಸರಿಯಬೇಕು. ಎದುರುಬದುರಾದ ಎರಡೂ ವಿಮಾನಗಳು ಬಲಕ್ಕೆ ತಿರುಗಬೇಕು. ಅಡ್ಡಹಾದಿಯಲ್ಲಿ ಸಂಧಿಸುವಾಗ ತನ್ನ ಬಲಬದಿಯಲ್ಲಿರುವ ವಿಮಾನಕ್ಕೆ ದಾರಿ ಬಿಡಬೇಕು. ಇಳಿಯುತ್ತಿರುವ ಎರಡು ವಿಮಾನಗಳಲ್ಲಿ ಕೆಳಗಿರುವುದಕ್ಕೆ ಆದ್ಯತೆ. ಆದರೆ ಆ ಸವಲತ್ತು ಬಳಸಿ ಇನ್ನೊಂದರ ಮುಂದೆ ನುಗ್ಗಕೂಡದು. ನಿಯಮಗಳು ಸ್ಪಷ್ಟವಾಗಿಯೇ ಇವೆ. ಆದರೆ ಇವೆಲ್ಲವೂ ನಿಂತಿರುವುದು 'ಎದುರಿನ ವಿಮಾನ ನನಗೆ ಕಾಣಿಸುತ್ತದೆ' ಎಂಬ ನಂಬಿಕೆಯ ಮೇಲೆ.

ಕಣ್ಣಿಗೆ ಕಾಣದ ಅಪಾಯ

ಕಾಣುವುದು ಅಷ್ಟು ಸುಲಭವೇ? ಹೊಸಕೆರೆಹಳ್ಳಿಯಿಂದ ವರ್ತುಲ ರಸ್ತೆಗೆ ಸೇರಿಕೊಳ್ಳುವ ಯಾವುದೇ ಕಾರು ಚಾಲಕನನ್ನು ಕೇಳಿದರೆ, ಮುಂಗಾಜಿನ ಪಕ್ಕದ ಕಂಬದ ಮರೆಯಲ್ಲಿ ಇಡೀ ದ್ವಿಚಕ್ರ ವಾಹನವೇ ಅಡಗಿಬಿಡುತ್ತದೆಂದು ಹೇಳಿಯಾರು. ಚಾಲಕ ತಲೆ ಅಲುಗಿಸದಿದ್ದರೆ ಆ ವಾಹನ ಹತ್ತಿರ ಬರುವವರೆಗೂ ಕಾಣದು. ವಿಮಾನದಲ್ಲಿ ಮರೆ ಮಾಡಲು ಕಂಬವಷ್ಟೇ ಅಲ್ಲ, ಇಡೀ ರೆಕ್ಕೆಯೇ ಇದೆ.

ತರಬೇತಿಯಲ್ಲಿ ಹೆಚ್ಚಾಗಿ ಬಳಕೆಯಾಗುವ ಸೆಸ್ನಾ 152 ಮತ್ತು 172 ವಿಮಾನಗಳಲ್ಲಿ ರೆಕ್ಕೆ ಪೈಲಟ್‌ನ ತಲೆಯ ಮೇಲಿರುತ್ತದೆ. ಅವನಿಗೆ ಕೆಳಗಿನ ನೆಲ ಚೆನ್ನಾಗಿ ಕಾಣುತ್ತದೆ, ಮೇಲಿನದು ಕಾಣದು. ತಿರುಗುವಾಗಲಂತೂ ತಿರುಗುವ ಬದಿಯ ರೆಕ್ಕೆಯೇ ಕೆಳಬಾಗಿ ತಾನು ಹೋಗಬೇಕಾದ ದಿಕ್ಕನ್ನೇ ಮುಚ್ಚುತ್ತದೆ. ಡೈಮಂಡ್ ಅಥವಾ ಪೈಪರ್ ಕಂಪನಿಯ ಅನೇಕ ವಿಮಾನಗಳಲ್ಲಿ ರೆಕ್ಕೆ ಕೆಳಗಿರುತ್ತದೆ. ಅಲ್ಲಿ ಮೇಲಿನದು ಕಾಣುತ್ತದೆ, ಕೆಳಗಿನದು ಕಾಣದು. ಈಗ ಫೈನಲ್‌ನಲ್ಲಿ ಇಳಿಯುತ್ತಿರುವ ಎರಡು ವಿಮಾನಗಳನ್ನು ಊಹಿಸಿಕೊಳ್ಳಿ. ಮೇಲೆ ಕೆಳರೆಕ್ಕೆಯ ವಿಮಾನ, ಅದರ ನೇರ ಕೆಳಗೆ ಮೇಲ್ರೆಕ್ಕೆಯ ವಿಮಾನ. ಇಬ್ಬರೂ ರನ್‌ವೇಯನ್ನೇ ನೋಡುತ್ತಿದ್ದಾರೆ, ಇಬ್ಬರೂ ನಿಯಮಬದ್ಧರಾಗಿದ್ದಾರೆ, ಇಬ್ಬರಿಗೂ ಇನ್ನೊಬ್ಬರು ಕಾಣಿಸುವುದಿಲ್ಲ.

ಇನ್ನೊಂದು ವಿಚಿತ್ರವೂ ಇದೆ. ಸಮವೇಗದಲ್ಲಿ ನೇರ ಸಾಗುತ್ತಾ ಡಿಕ್ಕಿಯ ಹಾದಿಯಲ್ಲಿರುವ ಎರಡು ವಿಮಾನಗಳಲ್ಲಿ, ಒಂದರ ಗಾಜಿನಲ್ಲಿ ಇನ್ನೊಂದು ಚಲಿಸುವುದೇ ಇಲ್ಲ. ಇದ್ದಲ್ಲಿಯೇ ಚುಕ್ಕೆಯಂತೆ ನಿಂತಿರುತ್ತದೆ. ಮನುಷ್ಯನ ಕಣ್ಣು ಚಲನೆಯನ್ನು ಬೇಗ ಹಿಡಿಯುತ್ತದೆ, ನಿಶ್ಚಲವಾದುದನ್ನು ಕಡೆಗಣಿಸುತ್ತದೆ. ಗಾಜಿನ ಮೇಲೆ ಅತ್ತಿತ್ತ ಸರಿಯುವ ವಿಮಾನದಿಂದ ಅಪಾಯ ಕಡಿಮೆ. ಕದಲದೆ ದೊಡ್ಡದಾಗುತ್ತಾ ಹೋಗುವ ಚುಕ್ಕೆಯೇ ಬರಲಿರುವ ಯಮ. ಅದು ದೊಡ್ಡದಾಗಿ ಕಾಣಿಸುವುದು ಕೊನೆಯ ಕೆಲವು ಕ್ಷಣಗಳಲ್ಲಿ ಮಾತ್ರ.

ಲೆಕ್ಕ ಹಾಕಿ ನೋಡೋಣ. ತರಬೇತಿ ವಿಮಾನವೊಂದು ಡೌನ್‌ವಿಂಡ್‌ನಲ್ಲಿ ಸುಮಾರು 90 ನಾಟ್, ಅಂದರೆ ಗಂಟೆಗೆ 167 ಕಿ.ಮೀ. ವೇಗದಲ್ಲಿ ಹಾರುತ್ತದೆ ಎಂದುಕೊಳ್ಳಿ. ಅಂತಹ ಎರಡು ವಿಮಾನಗಳು ಎದುರಾದರೆ ಪ್ರತಿ ಸೆಕೆಂಡಿಗೆ 90 ಮೀಟರ್‌ಗೂ ಹೆಚ್ಚು ಅಂತರ ಕರಗುತ್ತದೆ. ಒಂದೂವರೆ ಕಿ.ಮೀ. ದೂರದಲ್ಲಿ, ಹತ್ತು ಮೀಟರ್ ರೆಕ್ಕೆಯ ವಿಮಾನ ಕೈಚಾಚಿ ಹಿಡಿದ ಜೋಳದ ಕಾಳಿಗಿಂತ ದೊಡ್ಡದಾಗಿ ಕಾಣದು. ಅಲ್ಲಿಂದ ಡಿಕ್ಕಿಗೆ ಸುಮಾರು 16 ಸೆಕೆಂಡು. ಕಂಡದ್ದು ವಿಮಾನವೆಂದು ಗುರುತಿಸಿ, ಅದು ತನ್ನತ್ತಲೇ ಬರುತ್ತಿದೆಯೆಂದು ಅರಿತು, ಏನು ಮಾಡಬೇಕೆಂದು ನಿರ್ಧರಿಸಿ, ಕೈಯಾಡಿಸಿ, ವಿಮಾನ ಅದಕ್ಕೆ ಸ್ಪಂದಿಸುವಷ್ಟರಲ್ಲಿ 12.5 ಸೆಕೆಂಡು ಬೇಕೆಂಬುದು ಅಮೆರಿಕದ ವಿಮಾನಯಾನ ಆಡಳಿತ ಪೈಲಟ್‌ಗಳಿಗೆ ನೀಡಿರುವ ಲೆಕ್ಕ. ಉಳಿಯುವುದು ಮೂರ್ನಾಲ್ಕು ಸೆಕೆಂಡು. ಮೊದಲ ಕ್ಷಣದಲ್ಲೇ ಕಣ್ಣಿಗೆ ಬಿದ್ದರೆ ಮಾತ್ರ ಇಷ್ಟಾದರೂ ಅವಕಾಶ.

ರೇಡಿಯೊ ಕೈಕೊಟ್ಟಾಗ

ಕಣ್ಣು ಸೋತಲ್ಲಿ ಕಿವಿ ನೆರವಾಗಬೇಕು. ಆದರೆ ಒಂದೇ ತರಂಗಾಂತರದಲ್ಲಿ ಇಬ್ಬರು ಒಟ್ಟಿಗೆ ಮಾತನಾಡಿದರೆ ಉಳಿದವರಿಗೆ ಕೇಳಿಸುವುದು ಕರ್ಕಶವಾದ ಕಿರಿಚಾಟ ಮಾತ್ರ. ಮಾತನಾಡಿದ ಇಬ್ಬರೂ ತಮ್ಮ ಸಂದೇಶ ತಲುಪಿತೆಂದೇ ನಂಬುತ್ತಾರೆ. ಒಂದೇ ತರಬೇತಿ ಸಂಸ್ಥೆಯ ವಿಮಾನಗಳ ಕರೆಹೆಸರುಗಳು ಒಂದನ್ನೊಂದು ಹೋಲುವುದೂ ಉಂಟು. ಒಬ್ಬನಿಗೆ ಕೊಟ್ಟ ಅನುಮತಿಯನ್ನು ಇನ್ನೊಬ್ಬ ತನ್ನದೆಂದು ತಿಳಿಯುವುದು ಆಗ ಕಷ್ಟವಲ್ಲ.

'ಮುಂದಿನ ವಿಮಾನ ಕಾಣಿಸಿತು' ಎಂಬ ಉತ್ತರದಲ್ಲಿಯೂ ಅಪಾಯವಿದೆ. ಪೈಲಟ್ ನೋಡಿದ ವಿಮಾನವೂ ನಿಯಂತ್ರಕ ಸೂಚಿಸಿದ ವಿಮಾನವೂ ಬೇರೆ ಬೇರೆ ಆಗಿರಬಹುದು. ಈ ಒಂದು ಉತ್ತರದೊಂದಿಗೆ ಅಂತರ ಕಾಯ್ದುಕೊಳ್ಳುವ ಭಾರ ಗೋಪುರದಿಂದ ಪೈಲಟ್‌ನ ಹೆಗಲಿಗೆ ವರ್ಗವಾಗುತ್ತದೆ. ತಪ್ಪು ವಿಮಾನವನ್ನು ಹಿಂಬಾಲಿಸುತ್ತಿರುವವನಿಗೆ ತಾನು ಸರಿಯಾದ ವಿಮಾನದ ದಾರಿಗೆ ಅಡ್ಡ ಬರುತ್ತಿರುವುದು ತಿಳಿಯುವುದೇ ಇಲ್ಲ.

ಯಂತ್ರದ ಕಾವಲು ಎಲ್ಲಿಯವರೆಗೆ?

ದೊಡ್ಡ ವಿಮಾನಗಳಿಗೆ ಇಂತಹ ಹೊತ್ತಿನಲ್ಲಿ ಆಪದ್ಬಾಂಧವನಂತೆ ಒದಗುವುದು 'ಟಿಕ್ಯಾಸ್' ಎಂಬ ಡಿಕ್ಕಿ ತಡೆ ಸಾಧನ. ಸುತ್ತಲಿನ ವಿಮಾನಗಳ ಟ್ರಾನ್ಸ್‌ಪಾಂಡರ್‌ಗಳನ್ನು ಪ್ರಶ್ನಿಸಿ, ದೂರ ಮತ್ತು ಎತ್ತರ ಲೆಕ್ಕ ಹಾಕಿ, ಅಪಾಯ ಸಮೀಪಿಸಿದಾಗ ಒಂದು ವಿಮಾನಕ್ಕೆ 'ಏರು' ಎಂದೂ ಇನ್ನೊಂದಕ್ಕೆ 'ಇಳಿ' ಎಂದೂ ಆದೇಶ ನೀಡುತ್ತದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಅರೇಬಿಯಾದ ಬೋಯಿಂಗ್ 747 ಮತ್ತು ಕಜಕಿಸ್ತಾನದ ಇಲ್ಯೂಷಿನ್ 76 ಡಿಕ್ಕಿ ಹೊಡೆದು 349 ಜನ ಸತ್ತ ಘೋರ ದುರಂತದ ಬಳಿಕ ಭಾರತ ಈ ಸಾಧನವನ್ನು ಕಡ್ಡಾಯಗೊಳಿಸಿತು.

ಅದರ ಫಲವನ್ನು ಬೆಂಗಳೂರು ಕಂಡಿದೆ. 2018ರ ಜುಲೈ 10ರಂದು ಕೊಯಮತ್ತೂರಿನಿಂದ ಹೈದರಾಬಾದಿಗೆ ಮತ್ತು ಬೆಂಗಳೂರಿನಿಂದ ಕೊಚ್ಚಿಗೆ ಹೊರಟಿದ್ದ ಇಂಡಿಗೊ ವಿಮಾನಗಳು ಬೆಂಗಳೂರು ವಾಯುಪ್ರದೇಶದಲ್ಲಿ ಎದುರಾದಾಗ, ಅವುಗಳ ಎತ್ತರದ ನಡುವಣ ವ್ಯತ್ಯಾಸ ಸುಮಾರು 200 ಅಡಿಗೆ ಇಳಿದಿತ್ತು. ಎರಡೂ ವಿಮಾನಗಳಲ್ಲಿ ಟಿಕ್ಯಾಸ್ ಎಚ್ಚರಿಕೆ ಮೊಳಗಿತು. 300ಕ್ಕೂ ಅಧಿಕ ಪ್ರಯಾಣಿಕರು ಸುರಕ್ಷಿತವಾಗಿ ಊರು ಸೇರಿದರು.

ಆದರೆ ಈ ಕಾವಲಿಗೂ ಮಿತಿಯಿದೆ. ನೆಲದಿಂದ ಸುಮಾರು 1,000 ಅಡಿಗಿಂತ ಕೆಳಗೆ ಟಿಕ್ಯಾಸ್ 'ಏರು', 'ಇಳಿ' ಎಂಬ ಆದೇಶಗಳನ್ನು ಕೊಡುವುದಿಲ್ಲ. ಅಷ್ಟು ತಗ್ಗಿನಲ್ಲಿ ಹಠಾತ್ತನೆ ಇಳಿಯಲು ಹೇಳಿದರೆ ವಿಮಾನ ನೆಲಕ್ಕೇ ಅಪ್ಪಳಿಸೀತು ಎಂಬ ಕಾರಣಕ್ಕೆ ಅದನ್ನು ಹಾಗೆ ರೂಪಿಸಲಾಗಿದೆ. ಸರ್ಕ್ಯೂಟ್‌ನ ಎತ್ತರವೂ ಅದೇ 1,000 ಅಡಿ ಎಂಬುದನ್ನು ಗಮನಿಸಬೇಕು. ಮೇಲಾಗಿ ಎರಡು ಅಥವಾ ನಾಲ್ಕು ಆಸನಗಳ ತರಬೇತಿ ವಿಮಾನಗಳಲ್ಲಿ ಟಿಕ್ಯಾಸ್ ಇರುವುದೇ ಇಲ್ಲ. ಹೀಗಾಗಿ ಹೆಚ್ಚು ದಟ್ಟಣೆಯಿರುವ ಜಾಗದಲ್ಲಿ, ಕಡಿಮೆ ಅನುಭವವಿರುವ ಪೈಲಟ್‌ಗೆ, ಕಣ್ಣು ಮತ್ತು ರೇಡಿಯೊ ಎರಡೇ ಆಸರೆ.

ಮೂರು ನಿದರ್ಶನಗಳು

ಈ ಆಸರೆಗಳು ಹೇಗೆ ಕುಸಿಯುತ್ತವೆ ಎಂಬುದಕ್ಕೆ ಹೊರದೇಶಗಳ ಮೂರು ಪ್ರಕರಣಗಳು ಸಾಕ್ಷಿಯಾಗಿವೆ.

2021ರ ಮೇ 12ರಂದು ಅಮೆರಿಕದ ಡೆನ್ವರ್ ಸಮೀಪದ ಸೆಂಟೆನಿಯಲ್ ನಿಲ್ದಾಣದಲ್ಲಿ ಎರಡು ಸಮಾನಾಂತರ ರನ್‌ವೇಗಳಿಗೆ ಎರಡು ವಿಮಾನಗಳು ಇಳಿಯುತ್ತಿದ್ದವು. ಸಿರಸ್ ಎಂಬ ಸಣ್ಣ ವಿಮಾನ ಬೇಸ್‌ನಿಂದ ಫೈನಲ್‌ಗೆ ತಿರುಗುವಾಗ ತನ್ನ ರನ್‌ವೇಯ ಗೆರೆ ದಾಟಿ ಪಕ್ಕದ ರನ್‌ವೇಯ ಹಾದಿಗೆ ನುಗ್ಗಿ, ಅಲ್ಲಿ ಇಳಿಯುತ್ತಿದ್ದ ಮೆಟ್ರೋಲೈನರ್ ವಿಮಾನಕ್ಕೆ ಬಡಿಯಿತು. ಸಿರಸ್ ತನ್ನ ಪ್ಯಾರಾಚೂಟ್ ಬಿಚ್ಚಿಕೊಂಡು ನೆಲ ಸೇರಿತು. ಮೆಟ್ರೋಲೈನರ್ ಮೈಸೀಳಿಕೊಂಡೂ ರನ್‌ವೇಯಲ್ಲಿ ಇಳಿಯಿತು. ಮೂವರೂ ಬದುಕಿದರು. ಅಲ್ಲಿ ಟವರ್ ಇತ್ತು ಎಂಬುದು ಗಮನಾರ್ಹ.

2022ರ ಆಗಸ್ಟ್ 18ರಂದು ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ ಇಂತಹ ಅದೃಷ್ಟ ಒಲಿಯಲಿಲ್ಲ. ಟವರ್ ಇಲ್ಲದ ಆ ಇಳಿದಾಣದಲ್ಲಿ ಸೆಸ್ನಾ 152ರ ಪೈಲಟ್ ಒಬ್ಬನೇ ಸರ್ಕ್ಯೂಟ್ ಹಾರುತ್ತಿದ್ದ. ಎರಡು ಎಂಜಿನ್‌ಗಳ ಸೆಸ್ನಾ 340 ಸರ್ಕ್ಯೂಟ್ ಸೇರದೆ ದೂರದಿಂದ ನೇರವಾಗಿ ಫೈನಲ್‌ಗೆ ಬಂತು. ಅದರ ವೇಗ ಸುಮಾರು 180 ನಾಟ್, ಇಳಿಯಲು ಬರುವ ವಿಮಾನಕ್ಕೆ ವಿಪರೀತವೆನಿಸುವಷ್ಟು. ಇಬ್ಬರೂ ರೇಡಿಯೊದಲ್ಲಿ ತಮ್ಮ ಸ್ಥಾನ ಹೇಳುತ್ತಿದ್ದರು. ಹಿಂದಿನಿಂದ ಬರುತ್ತಿರುವ ವೇಗವನ್ನು ಅರಿತ ಸಣ್ಣ ವಿಮಾನದ ಪೈಲಟ್ ಇಳಿಯುವ ಯತ್ನ ಬಿಟ್ಟು ಮೇಲೇರುವುದಾಗಿ ಹೇಳಿದ. ಅಷ್ಟರಲ್ಲಿ ಡಿಕ್ಕಿಯಾಗಿ ಮೂವರು ಸತ್ತರು.

2025ರ ಜುಲೈ 8ರಂದು ಕೆನಡಾದ ಮ್ಯಾನಿಟೋಬಾ ಪ್ರಾಂತದ ಸ್ಟೈನ್‌ಬಾಕ್ ಬಳಿ ನಡೆದದ್ದು ನಮಗೆ ಇನ್ನಷ್ಟು ಹತ್ತಿರದ್ದು. ಒಂದೇ ತರಬೇತಿ ಶಾಲೆಯ ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆ ಸೆಸ್ನಾ ವಿಮಾನಗಳಲ್ಲಿ ಏಕಾಂಗಿಯಾಗಿ ಏರುವ, ಇಳಿಯುವ ಅಭ್ಯಾಸ ಮಾಡುತ್ತಿದ್ದಾಗ ರನ್‌ವೇಯಿಂದ ಕೆಲವೇ ನೂರು ಮೀಟರ್ ದೂರದಲ್ಲಿ ಡಿಕ್ಕಿಯಾಗಿ ಇಬ್ಬರೂ ಮೃತಪಟ್ಟರು. ಅವರಲ್ಲೊಬ್ಬ ಕೇರಳದ ಯುವಕ. ನಮ್ಮ ರಾಜ್ಯದಿಂದಲೂ ಪೈಲಟ್ ಆಗುವ ಕನಸು ಹೊತ್ತು, ಸಾಲ ಮಾಡಿ ವಿದೇಶಗಳ ತರಬೇತಿ ಶಾಲೆಗಳಿಗೆ ತೆರಳುವವರಿದ್ದಾರೆ. ಸರ್ಕ್ಯೂಟ್‌ನ ಸುರಕ್ಷತೆ ಆ ತಂದೆತಾಯಿಗಳ ಪಾಲಿಗೆ ಮನೆಯ ವಿಷಯ.

ಬೆಂಗಳೂರಿನ ಇಕ್ಕಟ್ಟಾದ ಆಕಾಶ

ಈಗ ನಮ್ಮ ಆಕಾಶದತ್ತ ತಿರುಗೋಣ. ದಕ್ಷಿಣದಲ್ಲಿ ಎಚ್‌ಎಎಲ್, ಉತ್ತರದಲ್ಲಿ ದೇವನಹಳ್ಳಿ. ಇವೆರಡರ ನಡುವಣ ನೇರ ದೂರ 30 ಕಿ.ಮೀ.ಗಿಂತ ಕಡಿಮೆ. ಪ್ರಯಾಣಿಕ ವಿಮಾನಗಳ ನಿಗದಿತ ಸಂಚಾರ ನಿಂತ ಮೇಲೂ ಎಚ್‌ಎಎಲ್ ನಿಲ್ದಾಣ ಸೇನೆಯ, ಪರೀಕ್ಷಾ ಹಾರಾಟದ ಹಾಗೂ ಖಾಸಗಿ ವಿಮಾನಗಳಿಗೆ ನೆಲೆಯಾಗಿದೆ. ಎರಡು ನಿಲ್ದಾಣಗಳ ನಡುವೆ ಜಕ್ಕೂರು ವೈಮಾನಿಕ ನೆಲೆ ಮತ್ತು ಯಲಹಂಕ ವಾಯುಪಡೆ ನೆಲೆಗಳಿವೆ. ಜಕ್ಕೂರಿನಿಂದ ಯಲಹಂಕದ ರನ್‌ವೇಗೆ ಆರೇಳು ಕಿ.ಮೀ. ಅಷ್ಟೇ. ಸಣ್ಣ ವಿಮಾನಕ್ಕೆ ಅದು ಎರಡು ಮೂರು ನಿಮಿಷದ ಹಾದಿ.

ಜಕ್ಕೂರು ರಾಜ್ಯದ ಪೈಲಟ್ ತರಬೇತಿಯ ತವರು. 1940ರ ದಶಕದ ಕೊನೆಯಲ್ಲಿ, ಮೈಸೂರು ಸಂಸ್ಥಾನದ ಹೆಸರಿನ್ನೂ ಉಳಿದಿದ್ದ ಕಾಲದಲ್ಲಿ, ಇಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ತಲೆಯೆತ್ತಿತು. ಆಗ ಸುತ್ತಲೂ ಹೊಲ, ಕೆರೆ. ಇಂದು ಸುತ್ತಲೂ ವಸತಿ ಬಡಾವಣೆ. ತರಬೇತಿ ಈಗ ರಾಜಧಾನಿಗಷ್ಟೇ ಸೀಮಿತವಾಗಿಲ್ಲ. ಮೈಸೂರಿನ ಮಂಡಕಳ್ಳಿ ನಿಲ್ದಾಣದಲ್ಲಿ ತರಬೇತಿ ಸಂಸ್ಥೆಯಿದೆ. 2021ರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಹೊಸ ತರಬೇತಿ ಸಂಸ್ಥೆಗಳಿಗಾಗಿ ದೇಶದಲ್ಲಿ ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ ಮತ್ತು ಕಲಬುರಗಿ ಎರಡೂ ಕರ್ನಾಟಕದವು.

ಪೈಲಟ್‌ಗಳ ಬೇಡಿಕೆ ಹೆಚ್ಚುತ್ತಿರುವ ದೇಶದಲ್ಲಿ ಇದು ಸ್ವಾಗತಾರ್ಹ. ಆದರೆ ಈ ನಿಲ್ದಾಣಗಳಲ್ಲಿ 90 ನಾಟ್ ವೇಗದ ತರಬೇತಿ ವಿಮಾನವೂ ಅದಕ್ಕಿಂತ ಬಹಳ ವೇಗದ ಪ್ರಯಾಣಿಕ ವಿಮಾನವೂ ಒಂದೇ ರನ್‌ವೇ ಹಂಚಿಕೊಳ್ಳಬೇಕು. ಎತ್ತಿನಗಾಡಿಯ ಹಿಂದೆ ಎಕ್ಸ್‌ಪ್ರೆಸ್ ಬಸ್ಸು ಬಂದಂತೆ ಇದು. ಇಂತಹ ಸಂದರ್ಭದಲ್ಲಿ ನಿಯಂತ್ರಕ ವಿದ್ಯಾರ್ಥಿಯನ್ನು ಡೌನ್‌ವಿಂಡ್‌ನಲ್ಲೇ ಮುಂದುವರಿಯುವಂತೆ ಅಥವಾ ಒಂದೆಡೆ ಸುತ್ತುತ್ತಿರುವಂತೆ ಹೇಳುತ್ತಾನೆ. ಮೊದಲ ಬಾರಿ ಒಂಟಿಯಾಗಿ ಹಾರುತ್ತಿರುವ ಹುಡುಗನಿಗೋ ಹುಡುಗಿಗೋ ಆ ಸಣ್ಣ ಬದಲಾವಣೆಯೇ ತಲೆಬಿಸಿ. ವಾಟ್ಸನ್‌ವಿಲ್‌ನಲ್ಲಿ ಜೀವ ತೆಗೆದದ್ದು ಇದೇ ವೇಗದ ವ್ಯತ್ಯಾಸ ಎಂಬುದನ್ನು ಮರೆಯುವಂತಿಲ್ಲ.

ಜನವರಿ 7ರಂದು ನಡೆದದ್ದೇನು?

ಇಂತಹ ಅಪಾಯಗಳನ್ನು ಮೊದಲೇ ಗುರುತಿಸಲು ಇರುವ ದಾರಿ ತಪ್ಪಿಹೋದ ದುರಂತಗಳ ದಾಖಲೆ. ಆ ದಾಖಲೆ ಹೇಗೆ ಕೈತಪ್ಪಬಲ್ಲದು ಎಂಬುದನ್ನು 2022ರ ಬೆಂಗಳೂರು ಪ್ರಕರಣ ತೋರಿಸಿಕೊಟ್ಟಿತು. ದೇವನಹಳ್ಳಿ ನಿಲ್ದಾಣಕ್ಕೆ ಉತ್ತರ, ದಕ್ಷಿಣ ಎಂದು ಎರಡು ಸಮಾನಾಂತರ ರನ್‌ವೇಗಳಿವೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪ್ರಾಥಮಿಕ ತನಿಖೆಯ ಪ್ರಕಾರ, ಆ ಬೆಳಿಗ್ಗೆ ಉತ್ತರ ರನ್‌ವೇಯಿಂದ ನಿರ್ಗಮನ, ದಕ್ಷಿಣದಲ್ಲಿ ಆಗಮನ ಎಂಬ ವ್ಯವಸ್ಥೆಯಿತ್ತು. ಬಳಿಕ ಪಾಳಿಯ ಮೇಲ್ವಿಚಾರಕರು ಉತ್ತರದ ರನ್‌ವೇಯೊಂದನ್ನೇ ಬಳಸಲು ನಿರ್ಧರಿಸಿದರು. ಈ ನಿರ್ಧಾರ ದಕ್ಷಿಣ ಟವರ್‌ನ ನಿಯಂತ್ರಕರಿಗೆ ತಲುಪಲಿಲ್ಲ.

ದಕ್ಷಿಣ ಟವರ್ ಕೋಲ್ಕತ್ತಾ ವಿಮಾನಕ್ಕೆ, ಉತ್ತರ ಟವರ್ ಭುವನೇಶ್ವರ ವಿಮಾನಕ್ಕೆ ಪರಸ್ಪರ ಸಮಾಲೋಚಿಸದೆ ಹೆಚ್ಚುಕಡಿಮೆ ಏಕಕಾಲದಲ್ಲಿ ಹಾರಲು ಅನುಮತಿ ನೀಡಿದವು. ಮೇಲೇರಿದ ಎರಡೂ ವಿಮಾನಗಳು ಒಂದನ್ನೊಂದು ಸಮೀಪಿಸತೊಡಗಿದವು. ಸುಮಾರು 3,000 ಅಡಿ ಎತ್ತರದಲ್ಲಿ ಇದನ್ನು ರೇಡಾರ್ ಪರದೆಯ ಮೇಲೆ ಗಮನಿಸಿದ ನಿಯಂತ್ರಕರೊಬ್ಬರು ತಕ್ಷಣ ಎರಡಕ್ಕೂ ದಿಕ್ಕು ಬದಲಿಸಲು ಸೂಚಿಸಿದರು. ಕೋಲ್ಕತ್ತಾ ವಿಮಾನದಲ್ಲಿ 176 ಪ್ರಯಾಣಿಕರು, ಆರು ಸಿಬ್ಬಂದಿ. ಭುವನೇಶ್ವರ ವಿಮಾನದಲ್ಲಿ 238 ಪ್ರಯಾಣಿಕರು, ಆರು ಸಿಬ್ಬಂದಿ. ಒಬ್ಬ ವ್ಯಕ್ತಿಯ ಜಾಗರೂಕತೆ ಇಷ್ಟು ಜನರನ್ನು ಕಾಪಾಡಿತು.

ಆದರೆ ಘಟನೆ ಯಾವ ಲಾಗ್ ಪುಸ್ತಕದಲ್ಲಿಯೂ ದಾಖಲಾಗಿರಲಿಲ್ಲ. ವಿಮಾನ ನಿಲ್ದಾಣ ಪ್ರಾಧಿಕಾರವೂ ವರದಿ ಮಾಡಿರಲಿಲ್ಲ ಎಂದು ಮಹಾನಿರ್ದೇಶನಾಲಯದ ಅಧಿಕಾರಿಗಳು ಹೇಳಿದರು. ಸಾರ್ವಜನಿಕರಿಗೆ ವಿಷಯ ತಿಳಿದದ್ದು ಜನವರಿಯ ಮೂರನೆಯ ವಾರದಲ್ಲಿ. ಡಿಕ್ಕಿ ತಪ್ಪಿಸಲು ದಾರಿ ಬದಲಿಸಬೇಕಾಗಿ ಬಂದ ಸಾಮೀಪ್ಯವನ್ನು ಅಂತರರಾಷ್ಟ್ರೀಯ ನಿಯಮಾವಳಿ 'ಗಂಭೀರ ಘಟನೆ' ಎಂದೇ ಪರಿಗಣಿಸುತ್ತದೆ. 426 ಜನರಿದ್ದ ಪ್ರಕರಣವೇ ಹೀಗೆ ಮೌನದಲ್ಲಿ ಕರಗಿಹೋಗುವುದರಲ್ಲಿತ್ತು. ಹಾಗಾದರೆ ಯಾವುದೋ ಇಳಿದಾಣದ ಸರ್ಕ್ಯೂಟ್‌ನಲ್ಲಿ ಇಬ್ಬರು ವಿದ್ಯಾರ್ಥಿಗಳ ವಿಮಾನಗಳು ಐವತ್ತು ಅಡಿ ಅಂತರದಲ್ಲಿ ಹಾದುಹೋದರೆ ಅದನ್ನು ಯಾರು ಬರೆದಿಟ್ಟಾರು?

ಮೌನದ ಬೆಲೆ

ಬರೆದಿಡದ ಘಟನೆಯ ಬೆಲೆಯೇನೆಂಬುದನ್ನು ಜಗತ್ತು ಅರ್ಧ ಶತಮಾನದ ಹಿಂದೆಯೇ ಕಂಡಿದೆ. 1974ರ ಡಿಸೆಂಬರ್ 1ರಂದು ಟಿಡಬ್ಲ್ಯೂಎ ಸಂಸ್ಥೆಯ 514ನೇ ಸಂಖ್ಯೆಯ ವಿಮಾನ ವಾಷಿಂಗ್ಟನ್ ಬಳಿಯ ಡಲ್ಲಸ್ ನಿಲ್ದಾಣಕ್ಕೆ ಇಳಿಯಲು ಬರುತ್ತಾ ಬೆಟ್ಟವೊಂದಕ್ಕೆ ಅಪ್ಪಳಿಸಿ 92 ಜನ ಸತ್ತರು. ಇಳಿಯಲು ಕೊಟ್ಟ ಅನುಮತಿಯನ್ನು ಪೈಲಟ್‌ಗಳು ಒಂದು ರೀತಿ, ನಿಯಂತ್ರಕರು ಇನ್ನೊಂದು ರೀತಿ ಅರ್ಥ ಮಾಡಿಕೊಂಡಿದ್ದರು. ಆರು ವಾರಗಳ ಹಿಂದೆಯಷ್ಟೇ ಯುನೈಟೆಡ್ ಸಂಸ್ಥೆಯ ವಿಮಾನವೊಂದು ಅಂತಹದೇ ಗೊಂದಲದಿಂದ ಅದೇ ಬೆಟ್ಟಕ್ಕೆ ಸ್ವಲ್ಪದರಲ್ಲಿ ಬಡಿಯುವುದು ತಪ್ಪಿತ್ತು. ಆ ಸಂಸ್ಥೆ ತನ್ನ ಪೈಲಟ್‌ಗಳನ್ನು ಎಚ್ಚರಿಸಿತು. ಉಳಿದ ಸಂಸ್ಥೆಗಳಿಗೆ ಆ ಎಚ್ಚರಿಕೆ ತಲುಪುವ ವ್ಯವಸ್ಥೆಯೇ ಇರಲಿಲ್ಲ.

ಈ ದುರಂತದ ಫಲವಾಗಿ 1976ರಲ್ಲಿ ಅಮೆರಿಕದಲ್ಲಿ ಸುರಕ್ಷತಾ ವರದಿ ವ್ಯವಸ್ಥೆಯೊಂದು ಜಾರಿಗೆ ಬಂತು. ಅದನ್ನು ನಡೆಸುವ ಹೊಣೆಯನ್ನು ದಂಡ ವಿಧಿಸುವ ಇಲಾಖೆಗೆ ಕೊಡದೆ ಬಾಹ್ಯಾಕಾಶ ಸಂಸ್ಥೆ ನಾಸಾಗೆ ಒಪ್ಪಿಸಲಾಯಿತು. ಪೈಲಟ್, ನಿಯಂತ್ರಕ, ತಂತ್ರಜ್ಞ ಯಾರೇ ಆಗಲಿ ತಮ್ಮ ಅನುಭವವನ್ನು ಬರೆದು ಕಳಿಸಬಹುದು. ಹೆಸರು ಅಳಿಸಿ ಪಾಠವನ್ನಷ್ಟೇ ಪ್ರಕಟಿಸಲಾಗುತ್ತದೆ. ಉದ್ದೇಶಪೂರ್ವಕವಲ್ಲದ ಲೋಪವನ್ನು ಹತ್ತು ದಿನಗಳೊಳಗೆ ವರದಿ ಮಾಡಿದವರಿಗೆ ದಂಡದಿಂದ ಸಾಮಾನ್ಯವಾಗಿ ವಿನಾಯಿತಿಯೂ ಉಂಟು. ಬ್ರಿಟನ್ ಏರ್‌ಪ್ರಾಕ್ಸ್ ಘಟನೆಗಳಿಗೆಂದೇ ಪ್ರತ್ಯೇಕ ಮಂಡಳಿ ಹೊಂದಿದ್ದು, ಸಣ್ಣ ಕ್ಲಬ್ ವಿಮಾನಗಳ ಪ್ರಕರಣಗಳನ್ನೂ ಪರಿಶೀಲಿಸಿ ವರದಿ ಪ್ರಕಟಿಸುತ್ತದೆ.

ನಮ್ಮಲ್ಲಿಯೂ ಇಂತಹ ಘಟನೆಗಳನ್ನು ವರದಿ ಮಾಡುವುದು ಕಡ್ಡಾಯವೇ. ಕಾಗದದ ಮೇಲೆ ಕೊರತೆಯಿಲ್ಲ. ಕೊರತೆಯಿರುವುದು ಬರೆಯುವವನ ಧೈರ್ಯದಲ್ಲಿ. ಲಕ್ಷಾಂತರ ರೂಪಾಯಿ ಸಾಲ ಮಾಡಿ ತರಬೇತಿಗೆ ಸೇರಿದ ವಿದ್ಯಾರ್ಥಿ 'ನಾನು ಫೈನಲ್‌ನಲ್ಲಿ ಇನ್ನೊಂದು ವಿಮಾನವನ್ನು ನೋಡಲಿಲ್ಲ' ಎಂದು ಬರೆದುಕೊಟ್ಟರೆ ಪರವಾನಗಿಗೆ ಕುತ್ತು ಬಂದೀತೆಂಬ ಭಯ ಸಹಜ. ಬೋಧಕನಿಗೆ ಸಂಸ್ಥೆಯ ಹೆಸರಿನ ಚಿಂತೆ. ನಿಯಂತ್ರಕನಿಗೆ ಅಮಾನತಿನ ಅಂಜಿಕೆ. ಈ ಮೂರೂ ಭಯಗಳು ಸೇರಿದಾಗ ಹುಟ್ಟುವುದೇ ಮೌನ.

ಆಗಬೇಕಾದದ್ದೇನು?

ಹಾಗೆಂದು ವಿಮಾನಯಾನಕ್ಕೆ ಹೆದರಬೇಕಾದ್ದಿಲ್ಲ. ಮಾಡಬಹುದಾದ ಕೆಲಸಗಳು ಸರಳವಾಗಿಯೇ ಇವೆ. ತನ್ನ ಸ್ಥಾನವನ್ನು ತಾನೇ ಸಾರುವ ಹಾಗೂ ಸುತ್ತಲಿನ ವಿಮಾನಗಳನ್ನು ಪರದೆಯ ಮೇಲೆ ತೋರಿಸುವ 'ಎಡಿಎಸ್-ಬಿ' ಸಾಧನಗಳು ಟಿಕ್ಯಾಸ್‌ಗಿಂತ ಎಷ್ಟೋ ಅಗ್ಗ. ಅವುಗಳನ್ನು ತರಬೇತಿ ವಿಮಾನಗಳಿಗೆ ಅಳವಡಿಸಬಹುದು. ಸರ್ಕ್ಯೂಟ್‌ನಲ್ಲಿ ಒಮ್ಮೆಗೆ ಎಷ್ಟು ವಿಮಾನಗಳಿರಬೇಕೆಂಬ ಮಿತಿಯನ್ನು ಪಾಲಿಸಬಹುದು. ಪ್ರಯಾಣಿಕ ವಿಮಾನಗಳ ವೇಳಾಪಟ್ಟಿಗೆ ಅಡ್ಡಬರದಂತೆ ಏಕಾಂಗಿ ಹಾರಾಟದ ಸಮಯ ಗೊತ್ತುಪಡಿಸಬಹುದು. ತಿರುಗುವ ಮುನ್ನ ರೆಕ್ಕೆ ಎತ್ತಿ ನೋಡುವ, ಸಂದೇಹ ಬಂದರೆ ಇಳಿಯುವ ಹಟ ಬಿಟ್ಟು ಮತ್ತೊಂದು ಸುತ್ತು ಹೋಗುವ ಅಭ್ಯಾಸವನ್ನು ಮೊದಲ ಪಾಠದಿಂದಲೇ ರೂಢಿಸಬಹುದು.

ಎಲ್ಲಕ್ಕಿಂತ ಮಿಗಿಲಾಗಿ, ಪ್ರಾಮಾಣಿಕವಾಗಿ ವರದಿ ಮಾಡಿದವನಿಗೆ ರಕ್ಷಣೆ ಸಿಗಬೇಕು; ಮುಚ್ಚಿಟ್ಟವನಿಗೆ ಶಿಕ್ಷೆಯಾಗಬೇಕು. ಮಕ್ಕಳನ್ನು ತರಬೇತಿಗೆ ಸೇರಿಸುವ ಪೋಷಕರು ಶುಲ್ಕ ಎಷ್ಟು, ವಿಮಾನಗಳೆಷ್ಟು ಎಂದು ವಿಚಾರಿಸುವುದು ವಾಡಿಕೆ. ಕಳೆದ ವರ್ಷ ಇಲ್ಲಿ ಎಷ್ಟು ಏರ್‌ಪ್ರಾಕ್ಸ್ ವರದಿಗಳು ದಾಖಲಾಗಿವೆ ಎಂದೂ ಅವರು ಕೇಳಬೇಕು. 'ಒಂದೂ ಇಲ್ಲ' ಎಂಬ ಉತ್ತರ ಬಂದರೆ ಸಮಾಧಾನಪಡುವ ಮೊದಲು, ಅಲ್ಲಿ ವರದಿ ಬರೆಯುವ ಪದ್ಧತಿ ಹೇಗಿದೆ ಎಂದು ಇನ್ನೊಂದು ಪ್ರಶ್ನೆ ಕೇಳುವುದು ಒಳಿತು.